ಪಂಪು ನಿಂತ ಹೊತ್ತು

ಗಂಡನ ಹೆಣವಿದ್ದ ಪೆಟ್ಟಿಗೆಗೆ ಬೆನ್ನು ಹಾಕಿ ನಿಂತು ಆಕೆ ಜಗ್ಗಿನಲ್ಲಿ ನೀರು ಮೊಗೆದು, ಮೇಲಿನಿಂದ ಮತ್ತೆ ಅದೇ ಗಾಜಿನ ತೊಟ್ಟಿಗೆ ಸುರಿಯುತ್ತಿದ್ದಳು. ಮೊಗೆಯುವುದು, ಸುರಿಯುವುದು. ಬೆಳಗಿನಿಂದ ಇದೇ ಕೆಲಸ. ಬಂದವರು ಮೊದಲು ಪೆಟ್ಟಿಗೆಯೊಳಗಿನ ಮುಖ ನೋಡುತ್ತಿದ್ದರು, ಆಮೇಲೆ ಇವಳನ್ನು, ಆಮೇಲೆ ಒಬ್ಬರ ಮುಖ ಒಬ್ಬರು.

“ಪಾಪ, ತಲೆ ಕೆಟ್ಟಿದೆ,” ಎಂದು ಯಾರೋ ಪಿಸುಗುಟ್ಟಿದರು.

“ತಲೆ ನೆಟ್ಟಗೇ ಇದೆ,” ಎಂದಳು ಆಕೆ, ತಿರುಗದೆ. “ಪಂಪು ನಿಂತಿದೆ. ನೀರು ಆಡದಿದ್ರೆ ಇವಕ್ಕೆ ಉಸಿರು ಕಟ್ಟುತ್ತೆ.”

ಫ್ರೀಜರ್ ಪೆಟ್ಟಿಗೆ ತಂದವರು ತೊಟ್ಟಿಯ ಪ್ಲಗ್ ಕಿತ್ತು ತಮ್ಮದನ್ನು ಸಿಕ್ಕಿಸಿದ್ದರು. ಎರಡನ್ನೂ ಹಾಕಿ ನೋಡಿದರೆ ಹಳೇ ಮನೆಯ ಫ್ಯೂಸ್ ಪಟ್ಟೆಂದು ಹಾರಿತ್ತು. ಯಾವುದಾದರೂ ಒಂದೇ ನಡೆಯಬೇಕು, ಪೆಟ್ಟಿಗೆ ಇಲ್ಲವೇ ತೊಟ್ಟಿ. ಮಗಳ ರೈಲು ತಡವಾಗಿತ್ತು. ಅವಳು ಬಂದು ಅಪ್ಪನ ಮುಖ ನೋಡುವ ತನಕ ಪೆಟ್ಟಿಗೆ ತಣ್ಣಗಿರಲೇಬೇಕಿತ್ತು.

ತೊಟ್ಟಿಯ ಉಪ್ಪುನೀರಿನಲ್ಲಿದ್ದದ್ದು ಹವಳ. ಉಂಗುರಕ್ಕೆ ಕೂರಿಸುವ ಹವಳವಲ್ಲ, ಜೀವವಿರುವ ಹವಳ. ಕಲ್ಲು ಹೂಬಿಟ್ಟ ಹಾಗೆ ಕಾಣುತ್ತಿತ್ತು, ಆದರೆ ಒಂದೊಂದು ಹೂವಿನ ನಡುವೆಯೂ ಒಂದು ಬಾಯಿ, ಅದರ ಸುತ್ತ ತಿಂಡಿ ಹಿಡಿಯುವ ಸಣ್ಣ ಎಳೆಗಳು. ಈಗ ಅವು ಒಂದೊಂದಾಗಿ ಮುದುಡಿ, ಮೈಮೇಲೆ ಲೋಳೆ ಕಟ್ಟಿಕೊಳ್ಳುತ್ತಿದ್ದವು.

ಗಂಡನ ಅಣ್ಣ ಹತ್ತಿರ ಬಂದರು. “ಇವತ್ತೊಂದು ದಿನ ಅದರ ಗೊಡವೆ ಬಿಡಮ್ಮ. ನನ್ನ ತಮ್ಮ ಇಲ್ಲಿ ಮಲಗಿದ್ದಾನೆ, ನೀನು ಮೀನಿನ ಚಾಕರಿ ಮಾಡ್ತಾ ನಿಂತಿದ್ದೀಯ.”

“ಮೀನಲ್ಲ ಭಾವ.”

“ಏನೋ ಒಂದು. ನೋಡಿದವರು ಏನಂದಾರು?”

“ಅನ್ನಲಿ. ಸ್ವಲ್ಪ ಹೊತ್ತು ಪೆಟ್ಟಿಗೆ ಪ್ಲಗ್ ತೆಗೀಲಾ?”

“ತೆಗೆದು ನೋಡು!” ಭಾವ ಸ್ವಿಚ್ಚಿಗೆ ಅಡ್ಡ ನಿಂತರು. “ನಾನಿರೋವಾಗ ಆಗೋ ಮಾತಲ್ಲ ಅದು.”

ಜಗ್ಗು ಆಕೆಯ ಕೈಯಿಂದ ಜಾರಿತು. ಎತ್ತಿಕೊಂಡವನು ಡ್ರೈವರ್. ಗಂಡ ಕಂಡಕ್ಟರನಾಗಿದ್ದ ಬಸ್ಸನ್ನು ನಿವೃತ್ತಿಯ ತನಕ ಓಡಿಸಿದವನು. ತಾನೇ ಮೊಗೆದು ಸುರಿಯತೊಡಗಿದ.

“ನೀವು ಕೂತ್ಕೊಳ್ಳಿ ಅಕ್ಕಾ. ‘ಒಳಗೆ ಹೋಗ್ರೀ’ ಅಂತ ಇಡೀ ಊರಿಗೇ ಗದರಿದೋನು ಇವನು. ಇವುಗಳ ಹತ್ರ ಮೆತ್ತಗೆ ಮಾತಾಡ್ತಾನೆ ಅಂದ್ರೆ ಡಿಪೋದಲ್ಲಿ ಒಬ್ಬರೂ ನಂಬಲಿಲ್ಲ.” ಸುತ್ತ ನೋಡಿದ. “ಕೆಳಗಿನ ಮನೆಯಿಂದ ಒಂದು ವೈರ್ ಎಳೆದ್ರೆ ಹೇಗೆ?”

ಕೆಳಗಿನ ಮನೆಯ ಟೈಲರಮ್ಮನಿಗೂ ಆಕೆಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಒಮ್ಮೆ ತೊಟ್ಟಿ ಸೋರಿ, ಉಪ್ಪುನೀರು ಕೆಳಗೆ ಹೊಲಿದಿಟ್ಟ ಬಟ್ಟೆಗಳ ಮೇಲೆಲ್ಲ ತೊಟ್ಟಿಕ್ಕಿತ್ತು. ಗಂಡ ಇಳಿದು ಹೋಗಿ ನೆಲ ಒರೆಸುತ್ತಿದ್ದರೆ, ಇವರಿಬ್ಬರೂ ಮೆಟ್ಟಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಜಗಳವಾಡಿದ್ದರು.

* * *

ಗಂಟಲ ಕಾಯಿಲೆ ಬಂದ ಮೇಲೂ ಗಂಡನ ದನಿ ಪೂರ್ತಿ ಹೋಗಿರಲಿಲ್ಲ. ಒಂದು ಸಂಜೆ ಪಂಪು ನಿಲ್ಲಿಸಿ, “ಬಾ ಇಲ್ಲಿ,” ಎಂದ.

“ನೀರು ಹರೀತಿದ್ರೆ ತಿಂಡಿ ಕೊಚ್ಕೊಂಡು ಹೋಗುತ್ತೆ. ಅದಕ್ಕೇ ಮೊದಲು ಪಂಪು ನಿಲ್ಲಿಸಬೇಕು. ಆಮೇಲೆ ಈ ಸಣ್ಣ ಸೀಗಡಿನ ಕೊಳವೇಲಿ ಎಳ್ಕೊಂಡು, ಒಂದೊಂದರ ಬಾಯಿಗೂ ಮೆಲ್ಲಗೆ... ತಗೋ, ಹಿಡ್ಕೋ.”

“ನನಗ್ಯಾಕೆ? ನೀವಿಲ್ವಾ?”

“ಇರೋವಾಗ್ಲೇ ಕಲ್ತ್ಕೋ ಅಂತ.”

ಆಕೆ ಕೊಳವೆ ಕಸಿದುಕೊಂಡು ಸಿಂಕಿಗೆ ಎಸೆದಳು. “ನಾನು ಕಲಿಯಲ್ಲ. ನೀವೇ ತಿನ್ನಿಸಬೇಕು. ಇವತ್ತೂ ನೀವೇ, ಮುಂದಿನ ವರ್ಷಾನೂ ನೀವೇ!”

ಕಲಿತರೆ ಅವನು ಹೋಗುವುದಕ್ಕೆ ತಾನೇ ಒಪ್ಪಿಗೆ ಕೊಟ್ಟಂತಾಗುತ್ತದೆಂಬ ದಿಗಿಲು. ಅವನು ಕೊಳವೆ ತೊಳೆದುಕೊಂಡು ಬಂದ. ಮತ್ತೆಂದೂ ಕರೆಯಲಿಲ್ಲ. ಆಕೆ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ, ನೋಡುತ್ತಿಲ್ಲವೆಂಬಂತೆ ನೋಡುತ್ತಿದ್ದಳು.

* * *

ಟೈಲರಮ್ಮ ಬಾಗಿಲು ಅರ್ಧವಷ್ಟೇ ತೆರೆದಳು. ಒಳಗೆ ಸ್ಕೂಲ್ ಯೂನಿಫಾರ್ಮುಗಳ ರಾಶಿ.

“ಕರೆಂಟ್ ಬೇಕಿತ್ತು,” ಎಂದಳು ಆಕೆ. “ತೊಟ್ಟಿಗೆ.”

“ಅದೇ ತೊಟ್ಟಿಗಾ?”

“ಅದೇ.”

ಟೈಲರಮ್ಮ ಆಕೆಯ ಒದ್ದೆ ತೋಳನ್ನು ನೋಡಿದಳು, ತನ್ನ ಮನೆಯ ಚಾವಣಿಯ ಕಲೆಯನ್ನು ನೋಡಿದಳು. ಬಾಗಿಲು ಮುಖಕ್ಕೇ ಬೀಳುತ್ತದೆ ಎಂದುಕೊಂಡಳು ಆಕೆ.

“ಮಿಷನ್ನೂ ಅದೂ ಒಟ್ಟಿಗೆ ಓಡಿದ್ರೆ ನಂದೂ ಫ್ಯೂಸ್ ಹೋಗುತ್ತೆ.” ಟೈಲರಮ್ಮ ಹೋಗಿ ಮಿಷನ್ನಿನ ಪ್ಲಗ್ ಕಿತ್ತಳು. “ವೈರ್ ಕಿಟಕಿಯಿಂದ ಇಳಿಬಿಡಿ. ಯೂನಿಫಾರ್ಮ್ ನಾಳೆ ಒಯ್ಯಲಿ, ಬೈದ್ರೆ ಬೈಸ್ಕೊಳ್ತೀನಿ.” ಆಮೇಲೆ ತಲೆ ತಗ್ಗಿಸಿ ಅಂದಳು, “ಸಂಜೆ ಹೊತ್ತು ಮೇಲಿಂದ ಕೇಳ್ತಿತ್ತು. ‘ಬಾಯಿ ತೆಗಿ ಕಂದಾ, ಬಾಯಿ ತೆಗಿ’ ಅಂತ. ಮೊದಮೊದಲು ಮೊಮ್ಮಗು ಬಂದಿದೆ ಅಂತಿದ್ದೆ.”

ಆಕೆ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಸತ್ತ ಸುದ್ದಿ ಕೇಳಿದಾಗಿನಿಂದ ಬಾರದ ಅಳು ಆಗ ಬಂತು.

ವೈರ್ ಇಳಿಯಿತು. ಪಂಪು ಗೊರಗೊರ ಎಂದು ಕೆಮ್ಮಿ, ನೀರು ಆಡತೊಡಗಿತು. ಡ್ರೈವರ್ ಜಗ್ಗು ಕೆಳಗಿಟ್ಟು ಭುಜ ಒತ್ತಿಕೊಂಡ. ಭಾವ ಸ್ವಿಚ್ಚಿನ ಪಕ್ಕದಿಂದ ಕದಲಲಿಲ್ಲ. ಆದರೆ ವೈರನ್ನು ಜನ ತುಳಿಯದ ಹಾಗೆ ಕಾಲಿನಿಂದ ಗೋಡೆಯ ಅಂಚಿಗೆ ಸರಿಸಿದರು.

ಮಧ್ಯಾಹ್ನ ಮಗಳು ಬಂದಳು. ಎಲ್ಲ ಮುಗಿಸಿ ಮನೆ ಸೇರುವ ಹೊತ್ತಿಗೆ ಸಂಜೆಯಾಗಿತ್ತು. ಪೆಟ್ಟಿಗೆಯಿದ್ದ ಜಾಗ ಬರಿದಾಗಿತ್ತು. ತೊಟ್ಟಿಯಲ್ಲಿ ಕೆಲವು ಬಾಯಿಗಳ ಸುತ್ತ ಎಳೆಗಳು ಮತ್ತೆ ಹೊರಬಂದಿದ್ದವು. ಕೆಲವು ಬಂದಿರಲಿಲ್ಲ.

ಆಕೆ ಫ್ರಿಜ್ಜಿನಲ್ಲಿದ್ದ ಸೀಗಡಿಯ ಮಂಜು ಕರಗಿಸಿ, ಪಂಪು ನಿಲ್ಲಿಸಿದಳು. ಕೊಳವೆಯನ್ನು ನೀರಿಗಿಳಿಸಿದಳು. ಮೊದಲ ತುತ್ತು ತಪ್ಪಿ ತಳಕ್ಕೆ ಬಿತ್ತು. ಎರಡನೆಯದನ್ನು ಎಳೆಗಳು ಹಿಡಿದು, ನಿಧಾನವಾಗಿ ಒಳಕ್ಕೆ ಒಯ್ದವು.

“ಅಮ್ಮಾ,” ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. “ಅಪ್ಪ ನಿನಗೂ ಹೇಳ್ಕೊಟ್ಟಿದ್ರಾ?”

“ಹೂಂ,” ಎಂದಳು ಆಕೆ. “ಕೂರಿಸ್ಕೊಂಡು ಹೇಳ್ಕೊಟ್ಟಿದ್ರು.”

ಹೊರಗಿನಿಂದ ಭಾವ ಊಟಕ್ಕೆ ಕರೆದರು. ಮಗಳು ಏಳಲಿಲ್ಲ. ಮೂಲೆಯಲ್ಲಿದ್ದ ದೊಡ್ಡ ಹವಳ ಇನ್ನೂ ಬಿಗಿದುಕೊಂಡೇ ಇತ್ತು. ಆಕೆ ಭುಜದವರೆಗೆ ತೋಳು ಇಳಿಸಿ, ಆ ಮುಚ್ಚಿದ ಬಾಯಿಯ ಮುಂದೆ ಕೊಳವೆಯ ತುದಿಯನ್ನು ಅಲುಗದಂತೆ ಹಿಡಿದುಕೊಂಡಳು.