ತುಂಬಿದ ಬಾಂಡ್ಲಿ

ಹೊಸ ಕಟ್ಟಡದ ಮಹಡಿಯ ನೆಲದಲ್ಲಿದ್ದ ಆ ಕಿಂಡಿ ಒಬ್ಬ ಆಳು ಸಲೀಸಾಗಿ ಇಳಿಯುವಷ್ಟು ಅಗಲವಿತ್ತು. ನೀರಿನ ಪೈಪು ಇಳಿಸಲು ಪ್ಲಂಬರ್ ಕೊರೆಸಿದ್ದು. ಮೊನ್ನೆ ಹತ್ತು ಗಂಟೆಯ ಬಿಸಿಲಲ್ಲಿ, ತಲೆಯ ಮೇಲೆ ಬಣ್ಣದ ಡಬ್ಬ ಹೊತ್ತು ಬಂದ ಪೇಂಟರ್ ಅದರೊಳಗೆ ಬಿದ್ದು ಸೊಂಟ ಮುರಿದುಕೊಂಡಿದ್ದ.

ಈಗ ಇಂಜಿನಿಯರು ಅದೇ ಕಿಂಡಿಯ ಪಕ್ಕ ನಿಂತು ಮೇಸ್ತ್ರಿಯ ಮುಂದೆ ಕಾಗದ ಹಿಡಿದಿದ್ದ. ‘ಕಿಂಡಿ ಎಲ್ಲರಿಗೂ ಕಾಣುವಂತಿತ್ತು, ಪೇಂಟರ್ ತನ್ನ ಅಜಾಗರೂಕತೆಯಿಂದಲೇ ಬಿದ್ದಿದ್ದಾನೆ’ ಎಂದು ಅದರಲ್ಲಿತ್ತು. ಪ್ಲಂಬರ್ ಸಹಿ ಹಾಕಿಯಾಗಿತ್ತು. ಗಾರೆ ಕೆಲಸ ಹಿಡಿದ ಮೇಸ್ತ್ರಿಯೂ ಹಾಕಿಬಿಟ್ಟರೆ ಆಸ್ಪತ್ರೆಯಲ್ಲಿ ಮಲಗಿದವನ ಹೊಣೆ ಯಾರ ತಲೆಗೂ ಬರುವುದಿಲ್ಲ.

"ಕುರುಡನಿಗೂ ಕಾಣೋ ಕಿಂಡಿ ಕಣಯ್ಯಾ, ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದ ಇಂಜಿನಿಯರು.

"ನಾನಂತೂ ಹಲಗೆ ಮುಚ್ಚೇ ಹೋಗಿದ್ದೆ," ಎಂದ ಪ್ಲಂಬರ್. "ಅದಕ್ಕೆ ರೆಕ್ಕೆ ಬಂದು ಹಾರಿಹೋದ್ರೆ ನಾನೇನು ಮಾಡ್ಲಣ್ಣಾ?"

ಮೇಸ್ತ್ರಿ ಹೊರಗೆ ನೋಡಿದ. ಹೊರಗೋಡೆಗೆ ಕಟ್ಟಿದ ಸಾರವೆಗೆ, ನಿಂತು ಕೆಲಸ ಮಾಡಲು, ಮೊನ್ನೆ ಒಂದು ಹಲಗೆ ಕಡಿಮೆ ಬಿದ್ದಿತ್ತು. ಐದು ನಿಮಿಷ ಎಂದುಕೊಂಡು ಕಿಂಡಿಯ ಹಲಗೆಯನ್ನು ತಾನೇ ಎತ್ತಿಕೊಂಡು ಹೋಗಿದ್ದ. ಆ ಐದು ನಿಮಿಷ ಇಡೀ ಬೆಳಿಗ್ಗೆಯಷ್ಟು ಉದ್ದವಾಗಿತ್ತು.

ಅವನಿಗೆ ಕೆಲಸ ಕಲಿಸಿದ ಸೋದರಮಾವ ಕಣ್ಣ ಮುಂದೆ ಬಂದ. ಆ ಕಾಲದಲ್ಲಿ ಗಾರೆ ಎಂದರೆ ಸುಣ್ಣ, ಮರಳು. ಅದರ ತಣ್ಣನೆಯ ವಾಸನೆಯಲ್ಲೇ ಬೆಳಗಾಗುತ್ತಿತ್ತು. ಆಳುಗಳು ಕೈಹಚ್ಚುವ ಮೊದಲು ಮಾವ ಟವೆಲ್ಲು ಸುತ್ತಿ ಸಿಂಬಿ ಮಾಡಿ, ಗಾರೆ ತುಂಬಿದ ಬಾಂಡ್ಲಿ ತಲೆಗೇರಿಸಿ, ಇಡೀ ಕಟ್ಟಡ ಒಂದು ಸುತ್ತು ಬರುತ್ತಿದ್ದ. ಗಾರೆ ನೀರು ಕಿವಿಯ ಹಿಂದೆ ಇಳಿದರೂ ಒರೆಸಿಕೊಳ್ಳುತ್ತಿರಲಿಲ್ಲ.

"ಹೊಸ ಸೊಸೆ ನೀರು ತರೋ ಹಾಗೆ ಬರ್ತಾನೆ ನೋಡ್ರೇ!" ಎಂದು ಹೆಣ್ಣಾಳುಗಳು ಕಿಸಕ್ಕೆನ್ನುತ್ತಿದ್ದರು.

"ನಗ್ರೇ, ನಗ್ರಿ. ದಿನವೆಲ್ಲಾ ಹೊರೋರು ನೀವು. ಎಲ್ಲಿ ಎಡವ್ತೀರೋ, ನಾನೇ ಮೊದಲು ಎಡವ್ತೀನಿ."

ಕಾಲಿಗೆ ತಗುಲಿದ್ದನ್ನೆಲ್ಲ ಮುಚ್ಚಿಸಿದ ಮೇಲೆಯೇ ಕೆಲಸ ಶುರು.

ಮಾವ ಹೋದ ಮೇಲೆ ಒಂದೆರಡು ವರ್ಷ ಇವನೂ ಹಾಗೆ ಸುತ್ತಿದ್ದ. ಆಮೇಲೆ ಕಟ್ಟಡಗಳು ಹೆಚ್ಚಾದವು, ಅಭ್ಯಾಸ ತಪ್ಪಿತು.

ಮೇಸ್ತ್ರಿ ಟವೆಲ್ಲು ಸುತ್ತಿದ. ಗೋಡೆ ಪಕ್ಕದ ತುಂಬಿದ ಬಾಂಡ್ಲಿ ಎತ್ತಿ ತಲೆಗಿಟ್ಟು, ಬಾಗಿಲ ತನಕ ಹೋಗಿ, ಪೇಂಟರ್ ಬಂದ ಹಾಗೇ ಒಳಕ್ಕೆ ನಡೆದ. ಕುತ್ತಿಗೆ ಬಗ್ಗುವಂತಿಲ್ಲ. ಅರ್ಧ ಬಣ್ಣ ಹಚ್ಚಿದ ಎದುರಿನ ಗೋಡೆಯೊಂದೇ ಕಣ್ಣ ತುಂಬ.

"ಏಯ್, ನಿಲ್ಲಣ್ಣಾ!" ಪ್ಲಂಬರ್ ತೋಳು ಹಿಡಿದು ಜಗ್ಗಿದ. ಮೇಸ್ತ್ರಿಯ ಕಾಲ ಹೆಬ್ಬೆರಳು ಕಿಂಡಿಯ ಅಂಚಿನಲ್ಲಿತ್ತು.

"ಎಲ್ಲಿದೆ ಅಂತ ಗೊತ್ತಿದ್ದೂ ನನಗೆ ಕಾಣಲಿಲ್ಲ ಸಾರ್," ಎನ್ನುತ್ತ ಬಾಂಡ್ಲಿ ಇಳಿಸಿ, ಇಂಜಿನಿಯರ ಪೆನ್ನಿಗೆ ಕೈಚಾಚಿದ. ಕಾಗದದ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ: ‘ಹಲಗೆ ತೆಗೆದವನು ನಾನು.’

"ಮುಂದಿನ ಕಟ್ಟಡ ನಿನ್ನ ಕೈತಪ್ಪುತ್ತೆ, ಗೊತ್ತಲ್ಲ?"

"ಗೊತ್ತು ಸಾರ್."

ಪ್ಲಂಬರ್ ನೆಲ ನೋಡುತ್ತ ಗಂಟಲು ಸರಿಮಾಡಿಕೊಂಡ. "ಹಲಗೆ ಇಲ್ಲದ್ದನ್ನ ಮೊನ್ನೆ ಬೆಳಿಗ್ಗೆ ನಾನೂ ನೋಡ್ದೆ. ಕಾಣುತ್ತಲ್ಲ ಬಿಡು ಅಂತ ಸುಮ್ಮನಾದೆ. ಅದನ್ನೂ ಬರಿ."

ಮೇಸ್ತ್ರಿ ಪೆನ್ನನ್ನು ಅವನ ಕೈಗೇ ಕೊಟ್ಟ. ಕಿವಿಯ ಹಿಂದೆ ಗಾರೆ ನೀರು ತಣ್ಣಗೆ ಇಳಿಯುತ್ತಿತ್ತು. ಒರೆಸಿಕೊಳ್ಳದೆ, ಸಾರವೆಯಿಂದ ಹಲಗೆ ಬಿಚ್ಚಿ ತರಲು ಹೋದ.