ಬಲಗಡೆಯ ಹೂ

ದುರ್ಗಮ್ಮ ಈ ಮಂಗಳವಾರವೂ ಹೂ ಕೊಡಲಿಲ್ಲ.

ಸಂತೇಬೆನ್ನೂರಿನಿಂದ ಸ್ವಲ್ಪ ಒಳಕ್ಕಿರುವ ಆ ಊರಿನಲ್ಲಿ ಮೂರು ವರ್ಷಕ್ಕೊಮ್ಮೆ ಅಮ್ಮನ ಹಬ್ಬ. ಮಾಡಬೇಕೋ ಬೇಡವೋ ಎಂದು ಅಮ್ಮನನ್ನೇ ಕೇಳಬೇಕು. ಊರವರೆಲ್ಲ ಗುಡಿಯ ಮುಂದೆ ಕೂತು ಕೇಳಿದಾಗ ಅವಳ ಮೈಮೇಲಿನ ಹೂ ಬಲಕ್ಕೆ ಬಿದ್ದರೆ ಹಬ್ಬ ಉಂಟು, ಎಡಕ್ಕೆ ಬಿದ್ದರೆ ಇಲ್ಲ. ಬೀಳದೇ ಇದ್ದರೆ ಮುಂದಿನ ಮಂಗಳವಾರ ಮತ್ತೆ ಬಂದು ಕೂರಬೇಕು.

ಇಷ್ಟೇ ಆಗಿದ್ದರೆ ಮಲ್ಲೇಶಪ್ಪನ ತಕರಾರೇನೂ ಇರಲಿಲ್ಲ. ಆದರೆ ಹಬ್ಬದ ವರ್ಷ ಹಬ್ಬ ಮುಗಿಯುವ ತನಕ ಯಾರ ಮನೆಯ ಮುಂದೂ ಮದುವೆಯ ಚಪ್ಪರ ಏಳುವಂತಿಲ್ಲ ಎನ್ನುವ ಹಾಳು ಕಟ್ಟಳೆಯೊಂದಿತ್ತಲ್ಲ, ಅದು ಅವನ ಕುತ್ತಿಗೆಗೆ ಬಂದಿತ್ತು. ಮಗಳು ಸುಚಿತ್ರಾಳಿಗೆ ಸವಳಂಗದ ಹುಡುಗ ನಿಶ್ಚಯವಾಗಿದ್ದ. ಹುಡುಗನನ್ನು ಅವಳೇ ಮೆಚ್ಚಿ ಆರಿಸಿಕೊಂಡಿದ್ದಳು. ಆಷಾಢ ಬಾಗಿಲಿಗೆ ಬಂದಿತ್ತು. ಹುಡುಗನ ಅಪ್ಪನಿಗಂತೂ ತಾಳ್ಮೆ ಮುಗಿದಿತ್ತು.

"ನಿಮಗೆ ಮನಸ್ಸಿಲ್ಲ ಅಂದ್ರೆ ಹೇಳಿಬಿಡ್ರಿ ಬೀಗ್ರೆ, ನಾವು ಬೇರೆ ಕಡೆ ನೋಡ್ಕಂತೀವಿ" ಎಂದು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು.

ಈ ಸಲವೂ ಹೂ ಬೀಳದೆ, ಗುಡಿಯ ಮುಂದೆ ಕೂತಿದ್ದ ಜನ ಪಂಚೆ ಸೀರೆಗಳ ಧೂಳು ಕೊಡವಿಕೊಂಡು ಎದ್ದರು. ಊರ ಹಿರಿಯ ದುರುಗಣ್ಣ ಮಾತ್ರ ಮಲ್ಲೇಶಪ್ಪನನ್ನೇ ನೋಡುತ್ತ, "ಊರಾಗೆ ಏನೋ ಮೈಲಿಗೆ ಆಗೈತೆ. ಹೆಣ್ಮಕ್ಕಳು ತಾವೇ ಗಂಡು ಹುಡುಕ್ಕಂಬಾಕೆ ಸುರು ಮಾಡಿದ್ರೆ ತಾಯಿ ಹೆಂಗೆ ಹೂ ಕೊಟ್ಟಾಳು?" ಎಂದ. ಮಲ್ಲೇಶಪ್ಪನ ಹೆಂಡತಿ ಸಾವಂತ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಹೋದಳು.

ಮರೆತ ಟವೆಲ್ಲಿಗೆಂದು ಮಲ್ಲೇಶಪ್ಪ ತಿರುಗಿ ಗುಡಿಗೆ ಬಂದಾಗ ಪೂಜಾರಿ ಜಯಪ್ಪ ಅಮ್ಮನ ಕೊರಳ ಹತ್ತಿರ ಇಕ್ಕಳ ಹಿಡಿದು ತಿಣುಕುತ್ತಿದ್ದ.

"ಏನೋ ಅದು ಜಯಪ್ಪ?"

"ಹೂ ಬಿಚ್ತಿದೀನಿ ಕಣಣ್ಣ. ಗಟ್ಟಿ ಕೂತ್ಬಿಟ್ಟೈತೆ."

ಮಲ್ಲೇಶಪ್ಪ ಹತ್ತಿರ ಹೋಗಿ ನೋಡಿದ. ಒಂದೊಂದು ಸೇವಂತಿಗೆಗೂ ಬೈಂಡಿಂಗ್ ವೈರು ಸುತ್ತಿ, ಹಿಂದಿನ ಬೆಳ್ಳಿ ಪ್ರಭಾವಳಿಗೆ ಬಿಗಿದಿತ್ತು.

"ಮೊಬೈಲಾಗೆ ನೋಡಿ ಕಲ್ತೆ" ಎಂದ ಜಯಪ್ಪ, ಹೆಮ್ಮೆಯಿಂದಲೇ. "ಹಂಗೇ ಇಟ್ರೆ ಫೋಟೋ ತೆಗೆಯೋ ಹೊತ್ತಿಗೆ ಜಾರ್ತಾವೆ."

"ಜಾರ್ಲಿ ಅಂತಲೇ ಅಲ್ವೇನೋ ನಾವೆಲ್ಲ ಬಿಸಿಲಾಗೆ ಬಾಯಿ ಬಿಟ್ಕಂಡು ಕೂತಿದ್ದು!"

ಜಯಪ್ಪನ ಕೈಯ ಇಕ್ಕಳ ಅಲ್ಲೇ ನಿಂತಿತು. ಪಾಪ, ಅದು ಅವನಿಗೆ ಹೊಳೆದೇ ಇರಲಿಲ್ಲ.

ಮಲ್ಲೇಶಪ್ಪ ನೇರವಾಗಿ ದುರುಗಣ್ಣನ ಕಟ್ಟೆಗೆ ಹೋಗಿ ಎಲ್ಲ ಹೇಳಿದ. ದುರುಗಣ್ಣ ಎಲೆಗೆ ಸುಣ್ಣ ಹಚ್ಚುತ್ತಲೇ ಕೇಳಿಸಿಕೊಂಡ.

"ಕೆರೆ ಒಡೆಯೋ ದಿನ ರಾತ್ರಿಯೆಲ್ಲ ಏರಿಗೆ ಬೆನ್ನು ಕೊಟ್ಟು ನಿಂತು ಊರು ಉಳಿಸಿದ ತಾಯಿ ಕಣೋ ಅವಳು. ಕೊಡೋ ಮನಸ್ಸಿದ್ರೆ ಒಂದು ತಂತಿ ಅಡ್ಡ ಬರ್ತಿತ್ತಾ?"

ಇಂಥ ಮಾತು ಕೇಳುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಂಡರೂ ವಾಸಿ ಎನಿಸಿತು ಮಲ್ಲೇಶಪ್ಪನಿಗೆ. ಆದರೂ ಅವನು ಬಿಡಲಿಲ್ಲ. ಹೋಟೆಲಿನ ಮುಂದೆ, ಹಾಲಿನ ಡೈರಿಯಲ್ಲಿ, ಸಿಕ್ಕ ಸಿಕ್ಕವರ ಹತ್ತಿರ ತಂತಿಯ ಕಥೆ ಹೇಳಿಕೊಂಡು ತಿರುಗಿದ. ಜನ ನಕ್ಕರು. ನಗು ಊರೆಲ್ಲ ಹಬ್ಬಿದ ಮೇಲೆ ದುರುಗಣ್ಣ ಬೇರೆ ದಾರಿಯಿಲ್ಲದೆ, ಈ ಸಲ ಬರೀ ಹೂ ಇಡು ಎಂದು ಜಯಪ್ಪನಿಗೆ ಹೇಳಿದ.

ಮಂಗಳವಾರ ಬಂತು. ಜಯಪ್ಪ ನೀರು ಚಿಮುಕಿಸಿ ಅಮ್ಮನ ಹಣೆ ಭುಜಗಳ ಮೇಲೆ ಬಿಡಿ ಹೂ ಅಂಟಿಸಿದ. ದುರುಗಣ್ಣ ಕೈಮುಗಿದು, "ತಾಯಿ, ಈ ವರ್ಷ ನಿನ್ನ ಹಬ್ಬ ಮಾಡಾನಾ ಬ್ಯಾಡ್ವಾ, ಹೇಳವ್ವ" ಎಂದ. ಮಲ್ಲೇಶಪ್ಪ ಅಮ್ಮನ ಬಲಭುಜವನ್ನೇ ನೋಡುತ್ತಿದ್ದ. ಕಾಯಿಸಲೇ ಇಲ್ಲ ಅವಳು. ಮಂಗಳಾರತಿ ಇನ್ನೂ ಉರಿಯುತ್ತಿರುವಾಗಲೇ ಹೂವೊಂದು ಜಾರಿ ಬಿತ್ತು, ಎಡಕ್ಕೆ.

"ಆಯ್ತಲ್ಲಪ್ಪ" ಎಂದ ದುರುಗಣ್ಣ. "ಹಬ್ಬ ಬ್ಯಾಡ ಅಂದ್ಳು. ಏಳ್ರಿ ಎಲ್ರೂ."

"ನನ್ ಮಗಳ ಮದುವೆ?"

"ಹಬ್ಬ ಆಗ್ದೆ ಹೆಂಗೋ ಮದುವೆ? ಬರೋ ವರ್ಷ ಮತ್ತೆ ಕೇಳಾನ."

ಮಲ್ಲೇಶಪ್ಪನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಅಮ್ಮನ ಮೇಲೂ ಬಂತು.

"ದುರುಗಣ್ಣ, ಈಗ ನೀವು ಅವಳನ್ನ ಏನಂತ ಕೇಳಿದ್ರಿ?"

"ಹಬ್ಬ ಮಾಡಾನಾ ಬ್ಯಾಡ್ವಾ ಅಂತ."

"ಬ್ಯಾಡ ಅಂದ್ಳು. ಅಂದ್ಮೇಲೆ ಇದು ಹಬ್ಬದ ವರ್ಷನೇ ಅಲ್ಲ. ಹಬ್ಬದ ವರ್ಷ ಅಲ್ಲ ಅಂದ್ಮೇಲೆ ಚಪ್ಪರ ಹಾಕಬ್ಯಾಡ ಅನ್ನಾಕೆ ನೀವ್ಯಾರು? ನನ್ ಮಗಳ ಮದುವೆ ಬ್ಯಾಡ ಅಂತ ಅವಳು ಯಾವಾಗ ಅಂದ್ಳು?"

ದುರುಗಣ್ಣ ಎದ್ದು ಹೋಗಿ ಬಾಯಿಯೊಳಗಿನ ಎಲೆಯಡಿಕೆ ಉಗಿದು ಬಂದ.

"ಹಂಗಾರೆ ಅದನ್ನೂ ಒಂದ್ಸಲ ಕೇಳಿಬಿಡಾನ, ಬರೋ ಮಂಗಳವಾರ" ಎಂದ.

ಮಲ್ಲೇಶಪ್ಪ ಅಷ್ಟರಲ್ಲಿ ಫೋನು ಕಿವಿಗೆ ಹಿಡಿದಾಗಿತ್ತು.

"ಬೀಗ್ರೆ, ಅಮ್ಮ ಅಪ್ಪಣೆ ಕೊಟ್ಳು. ದಿನ ನೋಡ್ರಿ."