ಬಿಶ್ಕೆಕ್ ತಲುಪದ ಚಿತ್ರಗಳು

ಬೆಟ್ಟದೂರು ನಾರಿನ್‌ನ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವನು ಮೇದೆರ್. ಮೌಸ್ ಹಿಡಿದು ಒದ್ದಾಡುವವರನ್ನು ಕಂಡರೆ ಅವನಿಗೆ ತಾತ್ಸಾರ. ಅವನದೇನಿದ್ದರೂ ಕಪ್ಪು ಪರದೆ. ಒಂದು ಸಾಲು ಆಜ್ಞೆ ಬರೆದು ಗುಂಡಿ ಒತ್ತಿದರೆ ಮುಗಿಯಿತು. ಕೆಲಸ ಕೆಟ್ಟರೆ ಆ ಪರದೆ ಬೈಯುತ್ತದೆ, ಕೆಲಸವಾದರೆ ತುಟಿಪಿಟಕ್ಕೆನ್ನುವುದಿಲ್ಲ. ಅದೇ ಅಲ್ಲಿಯ ರೂಢಿ.

ಅವನ ಅಕ್ಕ ಬುರುಲ್‌ಳ ತಲೆಯಲ್ಲಿ ಗೆಡ್ಡೆಯಿದೆ ಎಂದು ಗೊತ್ತಾದ ದಿನ, ಸ್ಕ್ಯಾನ್ ಚಿತ್ರಗಳನ್ನೆಲ್ಲ ಒಂದೇ ಗಂಟು ಕಟ್ಟಿ ರಾಜಧಾನಿ ಬಿಶ್ಕೆಕ್‌ನ ದೊಡ್ಡ ಡಾಕ್ಟರಮ್ಮನಿಗೆ ಆ ಕಪ್ಪು ಪರದೆಯಿಂದಲೇ ಇಮೇಲ್ ಮಾಡಿದ್ದೂ ಅವನೇ. ಆಕೆ ನೋಡಿ ಕರೆದರೆ ತಾನೇ ಆಪರೇಷನ್ನು! ಗುಂಡಿ ಒತ್ತಿದ. ಪರದೆ ಸುಮ್ಮನಿತ್ತು.

“ಹೋಯ್ತೇನೋ?” ಪಕ್ಕದಲ್ಲೇ ಕೂತಿದ್ದ ಬುರುಲ್ ಕೇಳಿದಳು.

“ಹೋಯ್ತು ಎಜೆ,” ಎಂದ. ಅಕ್ಕನನ್ನು ಅವನು ಕರೆಯುವುದೇ ಹಾಗೆ.

“ಇಷ್ಟು ಬೇಗ? ಹಂಗಾದ್ರೆ ನನ್ನ ತಲೇಲಿ ಏನೂ ಇಲ್ಲ ಅನ್ನು!”

ಇಬ್ಬರೂ ನಕ್ಕರು. ವಾರಗಳು ಉರುಳಿದವು, ಕರೆ ಬರಲಿಲ್ಲ. ಅಕ್ಕ ಕೇಳಿದಾಗಲೆಲ್ಲ ಅವನದೊಂದೇ ಮಾತು: “ದೊಡ್ಡೋರು ಎಜೆ, ಮೇಲೆ ಬಿದ್ದು ಕೇಳಿದ್ರೆ ಚೆನ್ನಾಗಿರಲ್ಲ.” ಕೊನೆಗೆ ಅವಳ ಎಡಗೈಯಲ್ಲಿ ಚಹಾದ ಬಟ್ಟಲು ನಿಲ್ಲದಂತಾದಾಗ ಗಾಬರಿಬಿದ್ದು ಫೋನ್ ಮಾಡಿದ.

“ಯಾವ ಚಿತ್ರ? ನಂಗೇನೂ ಬಂದಿಲ್ವಲ್ಲಪ್ಪ,” ಎಂದರು ಡಾಕ್ಟರಮ್ಮ.

ಇಮೇಲು ಅವತ್ತೇ ವಾಪಸು ಬಂದಿತ್ತು. ಯಾರೂ ಇಣುಕದ, ಅವನದೇ ಕಂಪ್ಯೂಟರಿನ ಹೊಟ್ಟೆಯೊಳಗಿನ ಅಂಚೆಪೆಟ್ಟಿಗೆಯಲ್ಲಿ ಬಿದ್ದಿತ್ತು: ಲಗತ್ತು ತೀರಾ ದೊಡ್ಡದು, ಸ್ವೀಕರಿಸಲಾಗದು. ಪರದೆ ಸುಮ್ಮನಿದ್ದುದರ ಅರ್ಥ ಅಂಚೆಗೆ ಹಾಕಿದೆ ಎಂದಷ್ಟೇ, ತಲುಪಿತು ಎಂದಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು! ದೊಡ್ಡದನ್ನು ತುಂಡು ಮಾಡಿ ಕಳಿಸಬೇಕೆಂಬುದೂ ಗೊತ್ತಿತ್ತು. ಒಮ್ಮೆ ಇಣುಕಿ ನೋಡಲಿಲ್ಲ, ಅಷ್ಟೇ. ಅಯ್ಯೋ, ಎಂಥ ಜಂಬವಪ್ಪಾ ಅದು!

ಮರುದಿನವೇ ಅಕ್ಕನನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡು ಹಿಮದ ಕಣಿವೆ ದಾಟಿದ. ಹೊಸ ಸ್ಕ್ಯಾನ್ ಮಾಡಿಸಿದ್ದಾಯಿತು. ಡಾಕ್ಟರಮ್ಮ ಅವನು ಜೊತೆಗೆ ತಂದಿದ್ದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿ ಅವನೊಬ್ಬನನ್ನೇ ಒಳಗೆ ಕರೆದರು.

“ಆಗ್ಲೇ ಬಂದಿದ್ರೆ ತೆಗೀಬಹುದಿತ್ತು. ಈಗ ಕೈ ಹಾಕೋಕಾಗಲ್ಲ. ಮನೆಗೆ ಕರ್ಕೊಂಡ್ಹೋಗಪ್ಪ.”

ಅವನು ಚಿತ್ರಗಳನ್ನು ಎತ್ತಿಕೊಂಡ. ಹೊರಗೆ ಬಂದರೆ ಬೆಂಚಿನ ಮೇಲೆ ಬುರುಲ್ ಗುರುತಿಲ್ಲದ ಮುದುಕಿಯೊಬ್ಬಳ ಮುಂದೆ ರೇಗಾಡುತ್ತಿದ್ದಳು.

“ನನ್ನ ತಮ್ಮ ಅವತ್ತೇ ಕಳಿಸಿದ್ನಮ್ಮ, ಕಣ್ಮುಚ್ಚಿ ಕಣ್ ಬಿಡೋದ್ರೊಳಗೆ! ಇವ್ರೇ ತೆಗೆದು ನೋಡ್ಲಿಲ್ಲ. ಬೆಟ್ಟದೋರು ಅಂದ್ರೆ ಅಷ್ಟು ಸಸಾರ ಇವ್ರಿಗೆ. ಅಲ್ವೇನೋ ಮೇದೆರ್? ನೀನೇ ಹೇಳು.”

“ಹೌದು ಎಜೆ,” ಎಂದ ಮೇದೆರ್.